ಸಂಭಾಷಣಾಯಂತ್ರದ ಪಾಠವೂ ಕನ್ನಡ ವಾಕ್ಯವೂ

ಮನುಷ್ಯನು ಬೆರಳಚ್ಚಿಸಿದ ಮಾತಿಗೆ ಮಾತಿನಿಂದಲೇ ಉತ್ತರ ಕೊಡುವ ಗಣಕ ತಂತ್ರಾಂಶಕ್ಕೆ ‘ಚಾಟ್‌ಬಾಟ್’ ಎಂಬ ಹೆಸರು ಈಗ ರೂಢಿಗೆ ಬಂದಿದೆ. ಇದನ್ನು ಈ ಲೇಖನದಲ್ಲಿ ಸಂಭಾಷಣಾಯಂತ್ರವೆಂದು ಕರೆಯೋಣ. ಇವುಗಳಲ್ಲಿ ಕೆಲವು ಮುಕ್ತವಾದವು. ಎಂದರೆ, ಅವುಗಳ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಮ್ಮ ಅಗತ್ಯಕ್ಕೆ ಹೊಂದಿಸಿಕೊಳ್ಳಬಹುದು, ತಾವು ಮಾಡಿದ ತಿದ್ದುಪಡಿಯನ್ನು ಮೂಲದವರಿಗೆ ಕಳುಹಿಸಿ ಅದರಲ್ಲಿ ಸೇರಿಸುವಂತೆ ಕೇಳಬಹುದು. ಈ ಕೆಲಸವು ವಿಜ್ಞಾನ ವಿಭಾಗದವರಿಗೆ ಸೇರಿದ್ದೆಂದು ಭಾವಿಸಿ ಭಾಷಾ ವಿಭಾಗದವರು ದೂರ ನಿಲ್ಲುವುದು ವಾಡಿಕೆ. ಹಾಗೆ ನಿಲ್ಲುವುದು ಸರಿಯಲ್ಲವೆಂದು ತೋರಿಸುವುದು ಇಲ್ಲಿನ ಉದ್ದೇಶ. ಯಂತ್ರವನ್ನು ಹೊಂದಿಸುವ ಕೆಲಸದ ಬಹುಭಾಗ ಪಾಠರಚನೆಯ ಕೆಲಸ. ಕನ್ನಡದಲ್ಲಿ ಅದನ್ನು ಕೈಗೊಳ್ಳುವವನು ಇಂಗ್ಲಿಷ್ ಉತ್ತರಗಳನ್ನು ಒಂದೊಂದಾಗಿ ಭಾಷಾಂತರಿಸುತ್ತ ಹೋದರೆ ಶ್ರಮವೆಲ್ಲ ವ್ಯರ್ಥವಾದೀತು. ನಮ್ಮ ವಾಕ್ಯದ ಪುರುಷ, ವಿಭಕ್ತಿ, ಮನ್ನಣೆಗಳ ವಿಚಾರದಿಂದಲೇ ಅವನು ಆರಂಭಿಸಬೇಕಾಗುತ್ತದೆ.

ಈ ಪ್ರಕಾರದ ಆದಿಗ್ರಂಥವೆಂದು ‘ಎಲೈಜಾ’ವನ್ನು ಹೇಳಬಹುದು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಜೋಸೆಫ್ ವೈಜನ್‌ಬಾಮ್ ಅವರು ಇದನ್ನು ರಚಿಸಿ, 1966ರ ಜನವರಿಯಲ್ಲಿ ಒಂದು ಪ್ರಬಂಧದ ಮೂಲಕ ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ನಾಯಿಕೆ ಕಲಿಸಿದಂತೆ ಮಾತು ಕಲಿತವಳು, ಹೆಸರು ಅವಳದು. ಈ ರಚನೆಯ ಹೆಚ್ಚಳ ಒಂದೇ ಒಂದು ವಿಂಗಡಣೆಯಲ್ಲಿದೆ. ಮಾತನ್ನು ಬಿಡಿಸಿ ಜೋಡಿಸುವ ಯಂತ್ರಭಾಗ ಒಂದು ಕಡೆ. ಯಾವ ಪದ ಕಂಡರೆ ಯಾವ ಉತ್ತರ ಕೊಡಬೇಕೆಂದು ಹೇಳುವ ಪಾಠ ಇನ್ನೊಂದು ಕಡೆ. ಪಾಠವು ಯಂತ್ರದ ಅಂಗವಲ್ಲ, ಅದಕ್ಕೆ ಒದಗಿಸುವ ಸಾಮಗ್ರಿ. ಆದುದರಿಂದ ಎಲೈಜಾ ಒಂದು ಭಾಷೆಗೆ ಕಟ್ಟುಬಿದ್ದಿಲ್ಲವೆಂದು ವೈಜನ್‌ಬಾಮ್ ವಾದಿಸಿದರು. ಇಂಗ್ಲಿಷಿನ ಜೊತೆಗೆ ವೆಲ್ಷ್ ಮತ್ತು ಜರ್ಮನ್ ಪಾಠಗಳೂ ಆಗಲೇ ಇದ್ದುವೆಂದು ತಿಳಿಸಿದರು. ಈ ವಾದ ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಅದಕ್ಕೆ ಮುನ್ನ ಪ್ರತಿಗಳ ವಿಷಯವಾಗಿ ಒಂದು ಮಾತು. 1966ರ ಪ್ರಬಂಧದ ಅನುಬಂಧದಲ್ಲಿ ‘ಡಾಕ್ಟರ್’ ಎಂಬ ಪಾಠ ಅಚ್ಚಾಯಿತು; ಯಂತ್ರಭಾಗದ ಬರವಣಿಗೆ ಅಚ್ಚಾಗಲಿಲ್ಲ. ಆದ್ದರಿಂದ ಬೇರೆ ಬೇರೆಯವರು ಪಾಠವನ್ನು ಇಟ್ಟುಕೊಂಡು ಯಂತ್ರವನ್ನು ತಮ್ಮ ಊಹೆಯಂತೆ ಕಟ್ಟಿಕೊಂಡರು. ಲಿಸ್ಪ್ ಭಾಷೆಯ ಪ್ರತಿಯೊಂದು ವಿದ್ವತ್‌ಕೇಂದ್ರಗಳಲ್ಲಿ ಹರಡಿತು. 1977ರಲ್ಲಿ ಬೇಸಿಕ್ ಭಾಷೆಯ ಪ್ರತಿಯೊಂದು ‘ಕ್ರಿಯೇಟಿವ್ ಕಂಪ್ಯೂಟಿಂಗ್’ ಪತ್ರಿಕೆಯಲ್ಲಿ ಪ್ರಕಟವಾಗಿ ಮನೆಮನೆಯ ಗಣಕಗಳನ್ನು ಹೊಕ್ಕಿತು. ಮೂಲವೇ ಲಿಸ್ಪ್‌ನಲ್ಲಿತ್ತೆಂದು ಎಷ್ಟೋ ಮಂದಿ ನಂಬಿದ್ದರು. ‘ಮ್ಯಾಡ್-ಸ್ಲಿಪ್’ ಎಂಬ ಭಾಷೆಯಲ್ಲಿದ್ದ ನಿಜವಾದ ಮೂಲವು 2021ರಲ್ಲಿ ಅದೇ ಸಂಸ್ಥೆಯ ದಫ್ತರದಲ್ಲಿ, ವೈಜನ್‌ಬಾಮ್ ಅವರ ಕಾಗದಪತ್ರಗಳ ನಡುವೆ ದೊರೆಯಿತು. ಅವರ ಉತ್ತರಾಧಿಕಾರಿಗಳ ಒಪ್ಪಿಗೆಯಿಂದ ಎಲ್ಲರ ಬಳಕೆಗೂ ತೆರೆದಿಡಲಾಯಿತು. 2024ರ ಡಿಸೆಂಬರಿನಲ್ಲಿ ಹಳೆಯ ಗಣಕವ್ಯವಸ್ಥೆಯ ಪ್ರತಿರೂಪದ ಮೇಲೆ ಅದು ಮತ್ತೆ ಮಾತನಾಡಿತು. ಹಸ್ತಪ್ರತಿಗಳನ್ನು ಪರಿಷ್ಕರಿಸಿ ಬಲ್ಲ ನಮ್ಮವರಿಗೆ ಈ ಕಥೆ ಹೊಸದಲ್ಲ. ಮೂಲ ಮರೆಯಾಗಿ, ಪ್ರತಿಗಳು ಬೆಳೆದು, ಕಡೆಗೆ ಒಂದು ಕಟ್ಟಿನಲ್ಲಿ ಮೂಲ ಸಿಕ್ಕುವ ವೃತ್ತಾಂತವನ್ನು ನಮ್ಮ ಗ್ರಂಥಸಂಪಾದನೆಯ ತರಗತಿಗಳಲ್ಲಿ ಪಾಠ ಹೇಳುತ್ತಲೇ ಇದ್ದೇವೆ.

ಈಗ ‘ಡಾಕ್ಟರ್’ ಪಾಠವನ್ನು ಒಂದು ಕೃತಿಯೆಂದೇ ತಿಳಿದು ಓದಬಹುದು. ಅದರ ವೈದ್ಯನು ಕಾರ್ಲ್ ರೋಜರ್ಸ್ ಅವರ ಪದ್ಧತಿಯ ಮನೋವೈದ್ಯ. ರೋಗಿಯ ಮಾತನ್ನೇ ಮತ್ತೆ ಪ್ರಶ್ನೆಯಾಗಿ ಮುಂದಿಡುವವನು. ಪಾತ್ರದ ಆಯ್ಕೆ ಜಾಣತನದ್ದು. ಲೋಕಜ್ಞಾನವೇ ಇಲ್ಲದವನು ಕೂಡ ಆ ಪಾತ್ರದಲ್ಲಿ ಬಹಳ ಹೊತ್ತು ಬಾಳಬಲ್ಲ. ಪಾಠದಲ್ಲಿ ಪ್ರತಿ ಮುಖ್ಯಪದಕ್ಕೂ ಒಂದು ತೂಕವುಂಟು. ಒಂದು ವಾಕ್ಯದಲ್ಲಿ ಎರಡು ಪದ ಬಂದರೆ ಹೆಚ್ಚು ತೂಕದ್ದು ಗೆಲ್ಲುತ್ತದೆ. ‘ನನ್ನ’ ಎಂಬುದಕ್ಕೆ 2, ‘ಕನಸು ಕಂಡೆ’ ಎಂಬ ಅರ್ಥದ ಪದಕ್ಕೆ 4, ‘ಹೆಸರು’ ಎಂಬುದಕ್ಕೆ 15. ಎಲ್ಲಕ್ಕಿಂತ ಹೆಚ್ಚಿನ ತೂಕ, 50, ‘ಕಂಪ್ಯೂಟರ್’ ಎಂಬ ಪದಕ್ಕೆ! ರೋಗಿಯ ಕನಸಿಗಿಂತಲೂ ತನ್ನ ಸುದ್ದಿಯೇ ಮುಖ್ಯವೆಂದು ತಿಳಿದ ವೈದ್ಯ ಇವನು. ಜರ್ಮನ್, ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಎಂಬ ಭಾಷಾನಾಮಗಳು ಕೇಳಿಬಂದರೆ, ತನಗೆ ಇಂಗ್ಲಿಷ್ ಮಾತ್ರ ಬರುತ್ತದೆಂದು ವಿನಯದಿಂದ ಹೇಳಿ ನುಣುಚಿಕೊಳ್ಳುತ್ತಾನೆ. ಕುಟುಂಬವಾಚಕಗಳ ಪಟ್ಟಿ ಇನ್ನೂ ಸ್ವಾರಸ್ಯವಾಗಿದೆ. ತಾಯಿ, ತಂದೆ, ಸೋದರಿ, ಸೋದರ, ಹೆಂಡತಿ, ಮಕ್ಕಳು ಇವರೆಲ್ಲ ಅಲ್ಲಿದ್ದಾರೆ; ಗಂಡನಿಲ್ಲ. ಅಚ್ಚಾದ ಮಾದರಿ ಸಂಭಾಷಣೆಯಲ್ಲಿ ಮಾತನಾಡುವವಳು ತನ್ನ ಗೆಳೆಯನ ಒತ್ತಾಯದಿಂದ ಬಂದವಳೆಂಬುದನ್ನು ನೆನೆದರೆ ಈ ಲೋಪ ಎದ್ದು ಕಾಣುತ್ತದೆ. ಲೆಕ್ಕಿಗನ ನಿಷ್ಪಕ್ಷಪಾತದಿಂದ ಬರೆದ ಪಟ್ಟಿಯೆಂದು ಯಾರಾದರೂ ಇದನ್ನು ತಿಳಿದರೆ ಅದು ತಪ್ಪು. ಪಟ್ಟಿಯೂ ಬರವಣಿಗೆಯೇ, ಬರೆದವರ ಮನೆಯ ಗೋಡೆಗಳು ಅದರಲ್ಲಿ ಕಾಣುತ್ತವೆ.

ಈ ಪಟ್ಟಿಯನ್ನು ಕನ್ನಡಕ್ಕೆ ತರಹೊರಟವನ ಪಾಡನ್ನು ನೋಡಿ. ‘ಸೋದರಿ’ ಎಂಬ ಪದವನ್ನು ಮನೆಯ ಮಾತಿನಲ್ಲಿ ಯಾರೂ ಆಡುವುದಿಲ್ಲ. ಅಕ್ಕ ಬೇರೆ, ತಂಗಿ ಬೇರೆ. ಅಣ್ಣ, ತಮ್ಮ ಬೇರೆ ಬೇರೆ. ಅತ್ತಿಗೆ, ನಾದಿನಿ, ಓರಗಿತ್ತಿ, ಸೋದರಮಾವ, ಚಿಕ್ಕಪ್ಪ ಇವರನ್ನು ಬಿಟ್ಟ ಕುಟುಂಬದ ಪಟ್ಟಿ ನಮ್ಮಲ್ಲಿ ಪಟ್ಟಿಯೇ ಅಲ್ಲ. ಮನೆಯ ಬೇಗುದಿ ಹುಟ್ಟುವುದು ಹೆಚ್ಚಾಗಿ ಇವರ ನಡುವೆಯೇ. ಇದು ಪದಗಳ ಮಟ್ಟದ ತೊಡಕು. ದುಡಿದರೆ ನಿವಾರಣೆಯಾಗುತ್ತದೆ.

ಆಳವಾದ ತೊಡಕು ಸರ್ವನಾಮದಲ್ಲಿದೆ. ಎಲೈಜಾದ ಚಮತ್ಕಾರವೆಲ್ಲ ಒಂದು ಸಣ್ಣ ಬದಲಾವಣೆಯ ಕೋಷ್ಟಕದ ಮೇಲೆ ನಿಂತಿದೆ: ರೋಗಿಯ ‘ನಾನು’ ಯಂತ್ರದ ಬಾಯಲ್ಲಿ ‘ನೀನು’ ಆಗುತ್ತದೆ, ‘ನನ್ನ’ ಎಂಬುದು ‘ನಿನ್ನ’ ಆಗುತ್ತದೆ. ಇಂಗ್ಲಿಷಿನ ಭೂತಕಾಲದಲ್ಲಿ ಬಹುಮಟ್ಟಿಗೆ ಕ್ರಿಯಾಪದ ಅಲುಗುವುದಿಲ್ಲ. ಸರ್ವನಾಮವೊಂದನ್ನು ತಿರುವಿದರೆ ವಾಕ್ಯವೇ ತಿರುಗುತ್ತದೆ. ಕನ್ನಡದಲ್ಲಿ ಕ್ರಿಯಾಪದವೇ ಪುರುಷವನ್ನು ಹೊತ್ತಿದೆ. ‘ನಾನು ಬರುತ್ತೇನೆ’ ಎಂಬಲ್ಲಿ ಸರ್ವನಾಮವನ್ನಷ್ಟೇ ತಿರುವಿದರೆ ‘ನೀವು ಬರುತ್ತೇನೆ’ ಎಂಬ ವಿಕಾರ ಹುಟ್ಟುತ್ತದೆ. ಇಷ್ಟೇ ಆಗಿದ್ದರೆ ಎರಡನೆಯ ಕೋಷ್ಟಕವೊಂದನ್ನು ಬರೆದು ‘ತ್ತೇನೆ’ ಎಂಬುದನ್ನು ‘ತ್ತೀರಿ’ ಎಂದು ತಿರುವಬಹುದಾಗಿತ್ತು. ಆದರೆ ನಮ್ಮವರು ಸರ್ವನಾಮವನ್ನು ಹೇಳುವುದೇ ಅಪರೂಪ. ‘ನಿನ್ನೆ ಊರಿಂದ ಬಂದೆ’ ಎನ್ನುತ್ತಾರೆ. ಯಂತ್ರವು ಹುಡುಕುವ ‘ನಾನು’ ಎಂಬ ಪದ ಅಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಈ ‘ಬಂದೆ’ ಉತ್ತಮ ಪುರುಷವೂ ಆಗಬಹುದು, ಮಧ್ಯಮ ಪುರುಷವೂ ಆಗಬಹುದು. ಗ್ರಾಂಥಿಕ ಭಾಷೆಯ ‘ಬಂದೆನು’ ಎಂಬ ರೂಪವು ಕಾಪಾಡಿಕೊಂಡಿರುವ ಭೇದವನ್ನು ಆಡುಮಾತು ಅಳಿಸಿಬಿಟ್ಟಿದೆ. ಕೇಳುವ ಮನುಷ್ಯನಿಗೆ ಸಂದರ್ಭದಿಂದ ತಿಳಿಯುತ್ತದೆ, ಕೋಷ್ಟಕಕ್ಕೆ ಸಂದರ್ಭವಿಲ್ಲ.

ಹೀಗಿರುವಾಗ ಪಾಠವನ್ನು ಬದಲಿಸಿದರೆ ಸಾಕು, ಯಂತ್ರವು ಯಾವ ಭಾಷೆಯನ್ನಾದರೂ ಆಡುತ್ತದೆಂಬ ವಾದ ಅರ್ಧಸತ್ಯವೆನ್ನಬೇಕು. ಪದವನ್ನು ಘಟಕವಾಗಿ ಹಿಡಿದು, ಅದನ್ನು ಬೇರೊಂದು ಪದದಿಂದ ಬದಲಿಸುವ ಕ್ರಮವೇ ಒಂದು ಜಾತಿಯ ಭಾಷೆಯ ಮೇಲ್ಪಂಕ್ತಿಯಿಂದ ಹುಟ್ಟಿದ್ದು. ಯಂತ್ರಭಾಗದೊಳಗೇ ಇಂಗ್ಲಿಷಿನ ವ್ಯಾಕರಣ ಸದ್ದಿಲ್ಲದೆ ಕುಳಿತಿದೆ.

ಆದರೂ ಇಲ್ಲಿಗೇ ಕೈಚೆಲ್ಲಬೇಕಾಗಿಲ್ಲ. ಕನ್ನಡದಲ್ಲಿಯೇ ಎರಡು ದಾರಿಗಳಿವೆ; ಇಂಗ್ಲಿಷ್ ಪಾಠವನ್ನು ಅನುವಾದಿಸುತ್ತ ಹೋಗುವವನ ಕಣ್ಣಿಗೆ ಇವು ಬೀಳುವುದಿಲ್ಲ. ಮೊದಲನೆಯದು ಚತುರ್ಥೀ ವಿಭಕ್ತಿ. ದುಃಖ, ಭಯ, ನೋವು, ಹಸಿವು, ಇಷ್ಟಾನಿಷ್ಟಗಳನ್ನು ಇಂಗ್ಲಿಷಿನವನು ಸಾಮಾನ್ಯವಾಗಿ ‘ನಾನು’ ಎಂದು ಮೊದಲುಮಾಡಿ ಹೇಳಿದರೆ ಕನ್ನಡಿಗನು ‘ನನಗೆ’ ಎಂದು ಹೇಳುತ್ತಾನೆ: ನನಗೆ ಬೇಸರವಾಗಿದೆ, ನನಗೆ ಭಯ, ನನಗೆ ಓದು ಇಷ್ಟವಿಲ್ಲ, ನನಗೆ ನಿದ್ರೆ ಬರುವುದಿಲ್ಲ. ಈ ವಾಕ್ಯಗಳಲ್ಲಿ ಕ್ರಿಯಾಪದವು ‘ನನಗೆ’ ಎಂಬುದನ್ನು ಅನುಸರಿಸುವುದಿಲ್ಲ. ಬೇಸರ, ನಿದ್ರೆಗಳನ್ನು ಅನುಸರಿಸುತ್ತದೆ. ‘ನನಗೆ’ ಎಂಬುದನ್ನು ‘ನಿಮಗೆ’ ಎಂದು ತಿರುವಿದರೆ ಸಾಕು, ‘ನಿಮಗೆ ನಿದ್ರೆ ಬರುವುದಿಲ್ಲ’ ಎಂಬ ಶುದ್ಧ ವಾಕ್ಯ ದೊರೆಯುತ್ತದೆ. ವೈದ್ಯಪಾತ್ರದ ಯಂತ್ರಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ವಾಕ್ಯವರ್ಗವೇ ನಮ್ಮಲ್ಲಿ ಎಲ್ಲಕ್ಕಿಂತ ಸುಲಭವಾದದ್ದು! ಕರ್ತೃವಿನ ಸ್ಥಾನದಲ್ಲಿ ನಿಂತ ಈ ಚತುರ್ಥಿಯನ್ನು ತರಗತಿಯಲ್ಲಿ ಒಣ ಸೂತ್ರವೆಂದು ದಾಟಿಹೋಗುವ ವಿದ್ಯಾರ್ಥಿಗೆ ಅದರ ಬೆಲೆ ಇಲ್ಲಿ ತಿಳಿಯುತ್ತದೆ.

ಎರಡನೆಯ ದಾರಿ ‘ಎಂದು’ ಎಂಬ ಅವ್ಯಯ. ಕನ್ನಡದಲ್ಲಿ ಇನ್ನೊಬ್ಬನ ಮಾತನ್ನು ಆಡಿದಂತೆಯೇ ಎತ್ತಿ, ಕೊನೆಯಲ್ಲಿ ‘ಎಂದಿರಿ’ ಎಂದು ಸೇರಿಸುವುದು ಸಹಜ ನಡೆ. ‘ನಿನ್ನೆ ಊರಿಂದ ಬಂದೆ ಎಂದಿರಿ, ಅಲ್ಲಿ ಯಾರಿದ್ದರು?’ ಇಲ್ಲಿ ಯಾವ ಪದವನ್ನೂ ತಿರುವಿಲ್ಲ. ‘ಬಂದೆ’ ಯಾವ ಪುರುಷವೆಂಬ ಸಂಶಯವೂ ತಾನಾಗಿ ಕಳೆಯಿತು. ಬದಲಾವಣೆಯ ಕೋಷ್ಟಕವಿಲ್ಲದೆಯೇ ಪ್ರತಿಧ್ವನಿ ಸಾಧ್ಯವಾಗುವ ಈ ಸೌಕರ್ಯವನ್ನು ಬಳಸದೆ ಕೋಷ್ಟಕವನ್ನೇ ಉದ್ದಮಾಡುತ್ತ ಹೋಗುವುದು ಅವಿವೇಕ. ಆದರೆ ಮಿತಿ ಬೇಕು. ಮೂರು ಸಲ ಬೆನ್ನುಬೆನ್ನಿಗೆ ‘ಎಂದಿರಿ’ ಬಂದರೆ ವೈದ್ಯನು ವಕೀಲನಾಗುತ್ತಾನೆ, ಸಮಾಧಾನದ ಮಾತು ಪಾಟೀಸವಾಲಾಗುತ್ತದೆ.

ಮನ್ನಣೆಯ ಪ್ರಶ್ನೆ ಇನ್ನೂ ಉಳಿದಿದೆ. ‘ನಾನು’ ಎಂಬುದು ‘ನೀನು’ ಆಗಬೇಕೋ ‘ನೀವು’ ಆಗಬೇಕೋ? ಜರ್ಮನ್ ಭಾಷೆಯಲ್ಲಿಯೂ ಈ ಬಗೆಯ ಎರಡು ರೂಪಗಳಿರುವುದರಿಂದ ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಅಪರಿಚಿತನನ್ನು ಯಂತ್ರವು ಏಕವಚನದಲ್ಲಿ ಕರೆಯಬಾರದೆಂಬುದು ಸ್ಪಷ್ಟ. ಬಳಸುವವನು ಯಂತ್ರವನ್ನು ‘ನೀನು’ ಎಂದರೂ ಯಂತ್ರವು ‘ನೀವು’ ಎನ್ನುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ಅಂಗಡಿಯವನು ಗಿರಾಕಿಯೊಡನೆ, ಗುಮಾಸ್ತನು ಅರ್ಜಿದಾರನೊಡನೆ ಇಟ್ಟುಕೊಳ್ಳಬೇಕಾದ ಮರ್ಯಾದೆ ಅಷ್ಟೇ. ಶಾಲೆಯ ಮಕ್ಕಳಿಗಾಗಿ ಬರೆದ ಪಾಠದಲ್ಲಿ ಮಾತ್ರ ‘ನೀವು’ ಎಂಬುದು ದೂರದ ಮಾತಾದೀತು. ಇದನ್ನು ಯಂತ್ರ ನಿರ್ಧರಿಸಲಾರದು. ಪಾಠ ಬರೆಯುವವನು ಬರೆಯುವ ಮೊದಲೇ ನಿರ್ಧರಿಸಬೇಕು.

ಎಲೈಜಾದ ವಂಶದಲ್ಲಿ ಮುಕ್ತವಾಗಿ ಬೆಳೆದ ದೊಡ್ಡ ಕೃತಿ ‘ಆಲಿಸ್’. ರಿಚರ್ಡ್ ವಾಲೇಸ್ ಅವರು ಇದನ್ನು 1995ರಲ್ಲಿ ಆರಂಭಿಸಿದರು. ಗ್ನೂ ಸಾರ್ವಜನಿಕ ಪರವಾನಗಿಯಲ್ಲಿ ಬಿಡುಗಡೆಯಾದ್ದರಿಂದ ನೂರಾರು ಕೈಗಳು ಅದರಲ್ಲಿ ಕೂಡಿದುವು. ಸೂತ್ರಗಳ ಸಂಖ್ಯೆ ಸುಮಾರು 40,000ಕ್ಕೆ ಏರಿತು. ಮನುಷ್ಯನಂತೆ ಮಾತನಾಡುವ ಯಂತ್ರಕ್ಕೆ ಕೊಡುತ್ತಿದ್ದ ಲೋಬ್ನರ್ ಬಹುಮಾನ 2000, 2001 ಮತ್ತು 2004ರಲ್ಲಿ ಇದಕ್ಕೆ ಸಂದಿತು. ಇದರ ಪಾಠವನ್ನು ಬರೆಯುವ ಪದ್ಧತಿಗೆ ‘ಎಐಎಂಎಲ್’ ಎಂದು ಹೆಸರು. ಒಂದೊಂದು ಸೂತ್ರದಲ್ಲಿ ಎರಡು ಭಾಗ: ಬಂದ ಮಾತಿನ ಮಾದರಿ, ಕೊಡುವ ಮಾತಿನ ಮಾದರಿ. ಮಾದರಿಯಲ್ಲಿ ನಕ್ಷತ್ರಚಿಹ್ನೆ ಬಂದರೆ ಅಲ್ಲಿ ಒಂದೋ ಹಲವೋ ಪದಗಳು ಇರಬಹುದೆಂದು ಅರ್ಥ. ನಮ್ಮ ವೈಯಾಕರಣರ ಪರಿಭಾಷೆ ಬಲ್ಲವರಿಗೆ ಇದರ ನಡೆ ಥಟ್ಟನೆ ತಿಳಿಯುತ್ತದೆ. ನಕ್ಷತ್ರವುಳ್ಳ ಸೂತ್ರ ಉತ್ಸರ್ಗ. ನಿರ್ದಿಷ್ಟ ಪದವುಳ್ಳದ್ದು ಅಪವಾದ. ಅಪವಾದವು ಉತ್ಸರ್ಗವನ್ನು ಬಾಧಿಸುತ್ತದೆ. ಒಂದು ಸೂತ್ರವು ‘ಇದಕ್ಕೂ ಅದರ ಉತ್ತರವೇ’ ಎಂದು ಬೇರೊಂದು ಸೂತ್ರವನ್ನು ಕರೆಯುವ ವ್ಯವಸ್ಥೆಯೂ ಉಂಟು. ಇದು ಅತಿದೇಶವಲ್ಲದೆ ಮತ್ತೇನು? ‘ಮೈಸೂರಿಗೆ ದಾರಿ ಯಾವುದು’, ‘ಮೈಸೂರಿಗೆ ಹೇಗೆ ಹೋಗಬೇಕು’ ಎಂಬ ಎರಡು ಪ್ರಶ್ನೆಗಳನ್ನು ಈ ಅತಿದೇಶದಿಂದ ಒಂದೇ ಉತ್ತರಕ್ಕೆ ತರಬಹುದು. ಆದರೆ ಸೂತ್ರಗಳ ಪೌರ್ವಾಪರ್ಯಕ್ಕೆ ಪಾಣಿನಿಯಲ್ಲಿರುವ ಬೆಲೆ ಇಲ್ಲಿಲ್ಲ. ಒಂದೇ ಮಾದರಿಯನ್ನು ಇಬ್ಬರು ಬರೆದರೆ ತಡವಾಗಿ ಬಂದದ್ದು ಮೊದಲಿನದನ್ನು ಸದ್ದಿಲ್ಲದೆ ನುಂಗುವ ಸಂಭವವಿದೆ. ಪ್ರಕ್ಷಿಪ್ತದ ಭಯ ಇಲ್ಲಿಯೂ ತಪ್ಪಿದ್ದಲ್ಲ.

ಕನ್ನಡಕ್ಕೆ ಬರುವಾಗ ಎಡರು ಬರುವುದು ಮತ್ತೆ ಪದದ ಗಡಿಯಲ್ಲಿ. ನಕ್ಷತ್ರವು ಇಡಿಯ ಪದವನ್ನು ಹಿಡಿಯುತ್ತದೆಯೇ ಹೊರತು ಪದದ ತುಣುಕನ್ನು ಹಿಡಿಯುವುದಿಲ್ಲ. ಮೈಸೂರಿಗೆ, ಮೈಸೂರಿನಿಂದ, ಮೈಸೂರಿನಲ್ಲಿ ಎಂಬ ಮೂರೂ ಅದರ ಕಣ್ಣಿಗೆ ಸಂಬಂಧವಿಲ್ಲದ ಮೂರು ಪದಗಳು. ಎರಡನೆಯ ಆವೃತ್ತಿಯಲ್ಲಿ ಪದಪಟ್ಟಿಗಳನ್ನು ಮಾದರಿಯೊಳಗೆ ಕರೆಯುವ ಅನುಕೂಲ ಬಂದಿರುವುದರಿಂದ, ವಿಭಕ್ತಿರೂಪಗಳನ್ನೆಲ್ಲ ಪಟ್ಟಿಯಾಗಿ ಬರೆದಿಟ್ಟು ಈ ಕಷ್ಟವನ್ನು ತಕ್ಕಮಟ್ಟಿಗೆ ಕಡಿಮೆ ಮಾಡಬಹುದು. ಉತ್ತರದ ಕಡೆಯಲ್ಲಿಯೂ ಇದೇ ಕಾಟ. ಆಲಿಸ್‌ಗೆ ಒಂದು ಗುಣಗಳ ಪಟ್ಟಿಯುಂಟು: ಹೆಸರು, ಹುಟ್ಟೂರು, ಮೆಚ್ಚಿನ ತಿಂಡಿ ಇತ್ಯಾದಿ. ಹೊಂದಿಸುವವನು ಮೊದಲು ತುಂಬುವುದು ಇದನ್ನೇ. ಉತ್ತರದ ಬಿಟ್ಟ ಸ್ಥಳದಲ್ಲಿ ಆ ಹೆಸರು ಬಂದು ಕೂಡುತ್ತದೆ. ಇಂಗ್ಲಿಷಿನಲ್ಲಿ ಯಾವ ಊರು ಬಂದರೂ ವಾಕ್ಯ ಕೆಡುವುದಿಲ್ಲ. ನಮ್ಮಲ್ಲಿ ಧಾರವಾಡವಾದರೆ ‘ದಲ್ಲಿ’, ಮೈಸೂರಾದರೆ ‘ಇನಲ್ಲಿ’, ಬಳ್ಳಾರಿಯಾದರೆ ‘ಯಲ್ಲಿ’. ಈ ಸಂಕಟಕ್ಕೆ ಸರಕಾರಿ ನಮೂನೆಗಳು ಬಹಳ ಹಿಂದೆಯೇ ಒಂದು ಉಪಾಯ ಕಂಡುಹಿಡಿದಿವೆ: ಬಿಟ್ಟ ಸ್ಥಳದ ಮುಂದೆ ‘ಇವರಿಗೆ’, ‘ಇಲ್ಲಿ’ ಎಂದು ಅಚ್ಚುಮಾಡಿಬಿಡುವುದು. ಕಚೇರಿಗೆ ಅದು ಸಾಲದೆ ಹೋಗುವುದಿಲ್ಲ; ಮಾತಿಗೆ ಸಾಲದು. ಗುಣಪಟ್ಟಿಯಲ್ಲಿ ಹುಟ್ಟೂರಿನ ಪ್ರಥಮಾ, ಚತುರ್ಥೀ, ಸಪ್ತಮೀ ರೂಪಗಳನ್ನು ಬೇರೆ ಬೇರೆಯಾಗಿಯೇ ತುಂಬುವುದು ಮೇಲು.

ಲಿಪಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಂದ ಮಾತನ್ನು ಮಾದರಿಗಳೊಡನೆ ಹೋಲಿಸುವ ಮೊದಲು ಇಂಥ ತಂತ್ರಾಂಶಗಳು ಅಲ್ಪವಿರಾಮ, ಪ್ರಶ್ನಾರ್ಥಕ ಮುಂತಾದ ಚಿಹ್ನೆಗಳನ್ನು ತೆಗೆದುಹಾಕುತ್ತವೆ. ಇದನ್ನು ‘ಅಕ್ಷರವಲ್ಲದ್ದನ್ನೆಲ್ಲ ತೆಗೆ’ ಎಂದು ಬರೆದಿದ್ದರೆ ಕನ್ನಡಕ್ಕೆ ವಿಪತ್ತು ತಪ್ಪದು. ಏಕೆಂದರೆ ಯೂನಿಕೋಡ್ ವ್ಯವಸ್ಥೆಯಲ್ಲಿ ನಮ್ಮ ಸ್ವರಚಿಹ್ನೆಗಳೂ ಅರ್ಧಾಕ್ಷರದ ಚಿಹ್ನೆಯೂ ‘ಅಕ್ಷರ’ವರ್ಗಕ್ಕೆ ಸೇರಿಲ್ಲ, ‘ಚಿಹ್ನೆ’ಗಳ ವರ್ಗಕ್ಕೆ ಸೇರಿವೆ. ಆಗ ‘ಮೈಸೂರು’ ಎಂಬುದು ‘ಮಸರ’ ಆಗುತ್ತದೆ; ‘ಮೊಸರು’ ಎಂಬುದೂ ‘ಮಸರ’ವೇ ಆಗುತ್ತದೆ. ಊರಿನ ದಾರಿ ಕೇಳಿದವನಿಗೆ ಹೆಪ್ಪುಹಾಕುವ ಕ್ರಮ ತಿಳಿಯಬಹುದು. ಆದುದರಿಂದ ಯಾವ ಮುಕ್ತ ಯಂತ್ರವನ್ನು ಕೈಗೆತ್ತಿಕೊಂಡರೂ, ಒಂದು ಸೂತ್ರವನ್ನೂ ಬರೆಯುವ ಮುನ್ನ ಈ ಎರಡು ಪದಗಳನ್ನು ಕೊಟ್ಟು ನೋಡತಕ್ಕದ್ದು. ದೋಷ ಕಂಡರೆ ಅದನ್ನು ತಿದ್ದಿ ಕಳುಹಿಸುವುದೇ ಮೊದಲ ಕಾಣಿಕೆಯಾದೀತು. ಅದರಿಂದ ಕನ್ನಡಕ್ಕಷ್ಟೇ ಅಲ್ಲ, ಇದೇ ಬಗೆಯ ಸ್ವರಚಿಹ್ನೆಗಳುಳ್ಳ ತೆಲುಗು, ತಮಿಳು, ಹಿಂದಿಗಳಿಗೂ ಉಪಕಾರವಾಗುತ್ತದೆ.

2022ರ ಕೊನೆಯಿಂದ ಪ್ರಸಿದ್ಧಿಗೆ ಬಂದಿರುವ ಬೃಹತ್ ಭಾಷಾಮಾದರಿಗಳ ಮುಂದೆ ಈ ಸೂತ್ರಯಂತ್ರಗಳೇಕೆ ಎಂದು ಕೇಳುವವರುಂಟು. ಆ ಮಾದರಿಗಳು ಕನ್ನಡದಲ್ಲಿಯೂ ಸರಾಗವಾಗಿ ವಾಕ್ಯ ಕಟ್ಟುತ್ತವೆ, ನಿಜ. ಆದರೆ ಅವುಗಳ ಒಂದು ತಪ್ಪು ವಾಕ್ಯ ಯಾವ ಸಾಲಿನಿಂದ ಹುಟ್ಟಿತೆಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಸೂತ್ರಯಂತ್ರದಲ್ಲಿ ತೋರಿಸಬಹುದು, ಎರಡನೆಯ ವರ್ಷದ ವಿದ್ಯಾರ್ಥಿಯೂ ತಿದ್ದಬಹುದು. ಆಸ್ಪತ್ರೆಯ ವೇಳೆ, ಪರೀಕ್ಷೆಯ ಶುಲ್ಕ ಮುಂತಾದ, ಹೊಣೆ ಹೊರಬೇಕಾದ ಉತ್ತರಗಳಲ್ಲಿ ಈ ಗುಣ ಅಲ್ಪವಲ್ಲ. ‘ರಾಸಾ’ದಂಥ ಈಚಿನ ಮುಕ್ತ ಯಂತ್ರಗಳಲ್ಲಿ ಮಾತನ್ನು ಗುರುತಿಸುವ ಭಾಗ ಯಂತ್ರಕಲಿಕೆಯಿಂದ ನಡೆದರೂ, ಉದಾಹರಣೆವಾಕ್ಯಗಳೂ ಉತ್ತರಗಳೂ ಪ್ರತ್ಯೇಕ ಕಡತಗಳಲ್ಲಿ ಸರಳ ಬರಹವಾಗಿಯೇ ಇವೆ. ವೈಜನ್‌ಬಾಮ್ ಅವರ ವಿಂಗಡಣೆ ಅಲ್ಲಿಯೂ ಬಾಳಿದೆ.

ತೊಡಗಬಯಸುವ ವಿದ್ಯಾರ್ಥಿಗೆ ವ್ಯವಹಾರದ ಮಾತುಗಳು ಹೆಚ್ಚಿಲ್ಲ. ಗ್ನೂ ಈಮ್ಯಾಕ್ಸ್ ಎಂಬ ಮುಕ್ತ ಸಂಪಾದಕದೊಳಗೆ ಎಲೈಜಾದ ವಂಶದ ‘ಡಾಕ್ಟರ್’ ಒಂದು ಈಗಲೂ ಇದೆ; ಅದರ ಪದಪಟ್ಟಿಗಳನ್ನು ತೆರೆದು ಒಂದು ಸಂಜೆ ಓದಿದರೆ ಈ ಜಾತಿಯ ರಚನೆಯ ಒಳಗು ತಿಳಿಯುತ್ತದೆ. ಅನಂತರ ಆರಿಸಿಕೊಂಡ ಯಂತ್ರದ ಪರವಾನಗಿಯನ್ನು ಓದಬೇಕು. ತಿದ್ದಿದ ಪ್ರತಿಯನ್ನು ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕೆಂಬ ನಿಯಮ ಗ್ನೂ ಪರವಾನಗಿಯಲ್ಲಿದೆ. ನೂರು ಸೂತ್ರಗಳನ್ನು ಒಮ್ಮೆಗೇ ಕಳುಹಿಸುವ ಉತ್ಸಾಹ ಬೇಡ. ಪರಿಶೀಲಿಸುವವರಿಗೆ ಕನ್ನಡ ಬಾರದಿರುವ ಸಂಭವವೇ ಹೆಚ್ಚು. ‘ನನಗೆ’ ಎಂದು ಮೊದಲಾಗುವ ಹತ್ತು ವಾಕ್ಯಗಳು, ಪ್ರತಿಯೊಂದಕ್ಕೂ ನಿರೀಕ್ಷಿತ ಉತ್ತರ, ಕ್ರಿಯಾಪದವನ್ನು ಏಕೆ ತಿರುವಿಲ್ಲವೆಂಬ ಎರಡು ಸಾಲಿನ ವಿವರಣೆ, ಜೊತೆಗೆ ಮೈಸೂರು–ಮೊಸರುಗಳ ಪರೀಕ್ಷೆ: ಮೊದಲ ಸಲ ಇಷ್ಟನ್ನು ಕಳುಹಿಸಿದರೆ ಸಾಕು.